ಹತ್ತನೇ ತರಗತಿಯ ಹುಡುಗಿಗೆ ಉಳಿದಿರುವುದು 12 ದಿನ: ಹಾಜರಾತಿ ವಹಿಯನ್ನು ತಿದ್ದಬೇಕೆ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಯಾದಗಿರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಹತ್ತನೇ ತರಗತಿಯ ತರಗತಿ ಶಿಕ್ಷಕಿಯಾಗಿದ್ದೇನೆ. ಒಬ್ಬ ವಿದ್ಯಾರ್ಥಿನಿಯ ವಿಷಯದಲ್ಲಿ ಈ ವಾರದೊಳಗೆ ನಾನು ಒಂದು ತೀರ್ಮಾನಕ್ಕೆ ಬರಬೇಕಾಗಿದೆ. ಅನುಭವವಿದ್ದವರು ದಾರಿ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಶಾಲೆಯ ಮೂಲಕ ಕುಳಿತುಕೊಳ್ಳಬೇಕಾದರೆ ಶೇಕಡ 75ರಷ್ಟು ಹಾಜರಾತಿ ಇರಬೇಕೆಂಬ ನಿಯಮ ಎಲ್ಲರಿಗೂ ತಿಳಿದಿದೆ. ನಮ್ಮ ಶಾಲೆಯ ಲೆಕ್ಕದಂತೆ ಹತ್ತನೇ ತರಗತಿಗೆ ಈ ವರ್ಷ 212 ಕೆಲಸದ ದಿನಗಳು ಬರುತ್ತವೆ. ಅಂದರೆ ಮಗು ಕನಿಷ್ಠ 159 ದಿನ ಶಾಲೆಯಲ್ಲಿ ಇರಬೇಕು ಮತ್ತು ಹೆಚ್ಚೆಂದರೆ 53 ದಿನ ಗೈರಾಗಬಹುದು. ಈ ಹುಡುಗಿ ಇಂದಿನವರೆಗೆ 41 ದಿನ ಬಂದಿಲ್ಲ. ಜೂನ್‌ನಿಂದ ದಸರಾ ರಜೆಯವರೆಗೆ ತಪ್ಪಿಸಿದ್ದು ಕೇವಲ 9 ದಿನ. ರಜೆ ಮುಗಿದು ಶಾಲೆ ಪ್ರಾರಂಭವಾದ ಮೇಲೆ ಉಳಿದ 32 ದಿನಗಳು ಹೋಗಿವೆ. ಕಾರಣ ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ, ಇದು ಹತ್ತಿ ಬಿಡಿಸುವ ಕಾಲ. ಬೆಳಗ್ಗೆ ಏಳು ಗಂಟೆಗೆ ಕೂಲಿಯವರನ್ನು ಕರೆದೊಯ್ಯುವ ಮೇಸ್ತ್ರಿಯ ಟಂಟಂ ಆಟೊ ಓಣಿಗೆ ಬರುತ್ತದೆ, ತಾಯಿಯೊಂದಿಗೆ ಈಕೆಯೂ ಹತ್ತುತ್ತಾಳೆ, ಸಂಜೆ ಕಿಲೋ ಲೆಕ್ಕದಲ್ಲಿ ಕೂಲಿ ಸಿಗುತ್ತದೆ. ತಂದೆ ಬೇಸಿಗೆಯಲ್ಲಿ ಮೇಸ್ತ್ರಿಯಿಂದ ಮುಂಗಡ ಪಡೆದಿದ್ದಾರೆಂದು ಕೇಳಿದ್ದೇನೆ. ಆರನೇ ತರಗತಿಯಲ್ಲಿ ಓದುವ, ಹನ್ನೊಂದು ವರ್ಷದ ತಮ್ಮನೂ ಕೆಲವು ದಿನ ಇವರೊಂದಿಗೆ ಹೋಗುತ್ತಾನೆ.

ಹುಡುಗಿ ದಡ್ಡಿಯಲ್ಲ. ಮೊದಲ ರೂಪಣಾತ್ಮಕ ಪರೀಕ್ಷೆಯಲ್ಲಿ ಸಮಾಜ ವಿಜ್ಞಾನದಲ್ಲಿ ತರಗತಿಗೇ ಎರಡನೆಯವಳಾಗಿದ್ದಳು. ಹತ್ತಿಯ ಮೂರನೆಯ ಬಿಡಿಸುವಿಕೆ ಜನವರಿಯ ಕೊನೆಯವರೆಗೂ ನಡೆಯುತ್ತದೆ. ಈಗಿನಂತೆಯೇ ಮುಂದುವರಿದರೆ ಉಳಿದ 12 ದಿನಗಳು ಈ ತಿಂಗಳು ಮುಗಿಯುವುದರೊಳಗೆ ಮುಗಿದುಹೋಗುತ್ತವೆ.

ಶಾಲೆಯ ಹಿರಿಯರೊಬ್ಬರು ನನ್ನನ್ನು ಕರೆದು, ಬಡವರ ಮಗುವಿನ ಭವಿಷ್ಯ ಹಾಳಾಗುವುದು ಬೇಡ, ವಾರಕ್ಕೆ ಎರಡು ಮೂರು ದಿನ ಹಾಜರಿ ಹಾಕಿಕೊಂಡು ಹೋಗಿ, ಇದು ಪುಣ್ಯದ ಕೆಲಸ ಎಂದು ಹೇಳಿದರು. ಅವರ ಮಾತಿನಲ್ಲಿ ಕೆಡುಕಿಲ್ಲವೆಂದು ನನಗೆ ಗೊತ್ತು. ಆದರೆ ಪೆನ್ನು ಹಿಡಿದು ಆ ಹೆಸರಿನ ಮುಂದೆ ಬಂದಾಗ ಕೈ ಓಡುವುದಿಲ್ಲ. ಬರೆಯದಿದ್ದರೆ ಅವಳ ಪರೀಕ್ಷೆಯನ್ನು ನಾನೇ ತಪ್ಪಿಸಿದಂತಾಗುತ್ತದೆಯೇ? ಪಾಲಕರ ಮೇಲೆ ಕ್ರಮ ಕೈಗೊಳ್ಳಲು ಕಾನೂನಿನಲ್ಲಿ ಅವಕಾಶವಿದೆಯೇ? ಇದ್ದರೂ ಅದನ್ನು ಬಳಸುವುದು ಸರಿಯೇ? ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಮುಖ್ಯೋಪಾಧ್ಯಾಯ, ರಾಯಚೂರು

ಮೇಡಂ, ಮೂವತ್ತೊಂದು ವರ್ಷ ಸೇವೆ ಮಾಡಿ ನಿವೃತ್ತನಾದ ಮೇಲೆ ಈ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ. ಹಾಜರಿ ಹಾಕಬೇಡಿ, ಒಂದು ದಿನದ್ದನ್ನೂ ಹಾಕಬೇಡಿ. ಸರ್ಕಾರಿ ದಾಖಲೆಯನ್ನು ತಿದ್ದಿದರೆ ನಿಮಗೆ ಶಿಕ್ಷೆಯಾಗುತ್ತದೆ ಎಂಬ ಕಾರಣಕ್ಕೆ ಈ ಮಾತು ಹೇಳುತ್ತಿಲ್ಲ, ಅದು ಹೇಗೂ ಇದ್ದೇ ಇದೆ. ಆ ಹುಡುಗಿಯ ಸಲುವಾಗಿಯೇ ಹೇಳುತ್ತಿದ್ದೇನೆ.

ಹಾಜರಾತಿ ವಹಿಯಲ್ಲಿ ಒಂದು ಮಗು ಗೈರಾಗಿದೆ ಎಂದು ಬರೆದಾಗ, ಆ ಮಗು ಎಲ್ಲಿದೆ ಎಂದು ಯಾರಾದರೂ ಕೇಳಬೇಕು ಎಂದು ಬರೆದಂತೆ. ಹಾಜರಿ ಎಂದು ಬರೆದ ಕ್ಷಣದಲ್ಲಿ ಆ ಪ್ರಶ್ನೆಯೇ ಇಲ್ಲವಾಗುತ್ತದೆ. ನಮ್ಮ ಭಾಗದಲ್ಲಿ ಕೂಲಿಯವರನ್ನು ತುಂಬಿಕೊಂಡು ಹೋಗುವ ಟಂಟಂಗಳು, ಗೂಡ್ಸ್ ಗಾಡಿಗಳು ಪ್ರತಿವರ್ಷ ಎಲ್ಲಿಯಾದರೂ ಮಗುಚಿ ಬೀಳುವುದನ್ನು ನೀವೂ ಕಂಡಿದ್ದೀರಿ. ದೇವರು ಅಂಥದ್ದನ್ನು ತರದಿರಲಿ, ಆದರೆ ಅಂಥ ದಿನ ಆ ಹುಡುಗಿ ಗಾಡಿಯಲ್ಲಿದ್ದು, ನಿಮ್ಮ ವಹಿ ಮಾತ್ರ ಆಕೆ ಮೂರನೆಯ ಅವಧಿಯಲ್ಲಿ ಗಣಿತ ಕಲಿಯುತ್ತಿದ್ದಳೆಂದು ಹೇಳಿದರೆ, ಅವಳ ಪರವಾಗಿ ಮಾತನಾಡಲು ಯಾವ ಕಾಗದವೂ ಉಳಿಯುವುದಿಲ್ಲ. ಬಿಸಿಯೂಟದ ಲೆಕ್ಕವೂ ಅದೇ ವಹಿಯಿಂದ ಹೊರಡುತ್ತದೆ. ಬಾರದ ಮಗುವಿಗೆ ಹಾಜರಿ ಹಾಕಿದರೆ ಉಣ್ಣದ ಮಗುವಿನ ಹೆಸರಿನಲ್ಲಿ ಅಕ್ಕಿ, ಬೇಳೆ ಖರ್ಚು ಬರೆಯಬೇಕಾಗುತ್ತದೆ. ಹೀಗೆ ಒಂದು ಸುಳ್ಳನ್ನು ಹೊರಲು ಇನ್ನೂ ನಾಲ್ಕು ಸುಳ್ಳುಗಳು ಬೇಕಾಗುತ್ತವೆ. ಇದಲ್ಲದೆ ನಿಮ್ಮ ತರಗತಿಯಲ್ಲಿಯೇ ಪಕ್ಕದ ತಾಂಡಾದಿಂದ ನಾಲ್ಕು ಕಿಲೋಮೀಟರ್ ನಡೆದು ದಿನವೂ ಬರುವ ಮಕ್ಕಳಿರುತ್ತಾರೆ. ಯಾರಿಗೆ ಬಾರದೆಯೇ ಹಾಜರಿ ಬೀಳುತ್ತಿದೆ ಎಂಬುದು ಆ ಮಕ್ಕಳಿಗೆ ನಮಗಿಂತ ಮೊದಲೇ ತಿಳಿಯುತ್ತದೆ.

ಈಗ ಮಾಡಬೇಕಾದ ಕೆಲಸಕ್ಕೆ ಬರುತ್ತೇನೆ. ಶೇಕಡ 75 ಎಂಬ ಮಾತನ್ನು ಪಾಲಕರ ಮುಂದೆ ಎತ್ತಬೇಡಿ. ಶೇಕಡದ ಲೆಕ್ಕ ಅವರಿಗೆ ದೂರದ್ದು, ದಿನದ ಲೆಕ್ಕ ಬಹಳ ಹತ್ತಿರದ್ದು. ಅವರ ಬದುಕೇ ದಿನಗೂಲಿಯ ಲೆಕ್ಕದಲ್ಲಿ ನಡೆಯುತ್ತದೆ. ನಾನು ಕೊನೆಯ ಆರು ವರ್ಷ ಕೆಲಸ ಮಾಡಿದ ಶಾಲೆಯಲ್ಲಿ ಜೂನ್ ತಿಂಗಳಲ್ಲಿಯೇ ಹತ್ತನೇ ತರಗತಿಯ ಪ್ರತಿ ಮಗುವಿಗೂ ಒಂದು ರಟ್ಟಿನ ಚೀಟಿ ಕೊಡುತ್ತಿದ್ದೆವು. ಆ ವರ್ಷ ಎಷ್ಟು ದಿನ ತಪ್ಪಿಸಿಕೊಳ್ಳಬಹುದೋ ಅಷ್ಟು ಚೌಕ ಮನೆಗಳನ್ನು ಅದರಲ್ಲಿ ಗೀಚಿರುತ್ತಿದ್ದೆವು. ಒಂದು ದಿನ ಗೈರಾದರೆ ಒಂದು ಮನೆಗೆ ಅಡ್ಡಗೆರೆ ಬೀಳುತ್ತಿತ್ತು ಮತ್ತು ತಿಂಗಳಿಗೊಮ್ಮೆ ತಂದೆ ಅಥವಾ ತಾಯಿ ಅದಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕುತ್ತಿದ್ದರು. ಖಾಲಿ ಮನೆಗಳು ಕಡಿಮೆಯಾಗುವುದನ್ನು ಕಂಡ ತಾಯಂದಿರು ತಾವಾಗಿಯೇ ಶಾಲೆಗೆ ಬಂದು, ಮದುವೆಗೆ ಎರಡು ದಿನ ಬೇಕು, ಇದರಲ್ಲಿ ಎರಡು ಇಟ್ಟುಕೊಳ್ಳಿ ಎಂದು ಹೇಳಿಹೋಗುತ್ತಿದ್ದರು. ಫೆಬ್ರುವರಿಯಲ್ಲಿ ಪ್ರವೇಶಪತ್ರದ ಸಮಯಕ್ಕೆ ಕಣ್ಣೀರು ಹಾಕುವುದಕ್ಕಿಂತ ಇದು ಎಷ್ಟೋ ಲೇಸು. ನಿಮಗೆ ಈಗ ಜೂನ್ ದಾಟಿದೆ, ಆದರೂ 12 ಮನೆಗಳ ಚೀಟಿಯನ್ನು ಇವತ್ತೇ ಬರೆದು ಅವರ ಮನೆಗೆ ತೆಗೆದುಕೊಂಡು ಹೋಗಬಹುದು. ತಂದೆ ತಾಯಿ ಇಬ್ಬರೂ ಇರುವ ಹೊತ್ತು, ಅಂದರೆ ಸಂಜೆ ಏಳರ ನಂತರ ಹೋಗಿ. ಬೆಳಗ್ಗೆ ಹತ್ತಕ್ಕೆ ಮನೆ ಭೇಟಿ ಮಾಡಿ ಬೀಗ ನೋಡಿ ಬರುವುದರಿಂದ ವರದಿ ತುಂಬುತ್ತದೆಯೇ ಹೊರತು ಮಗು ಬರುವುದಿಲ್ಲ.

ಇನ್ನೊಂದು ಮಾತು ಉಳಿದ ಮಕ್ಕಳಿಗಾಗಿ. ವಹಿಯಲ್ಲಿ ಒಂದೊಂದು ಹೆಸರಿನ ಸಾಲನ್ನೂ ತಿಂಗಳ ಕೊನೆಯಲ್ಲಿ ಕುಳಿತು ಓದಿ. ಗೈರಿಗೆ ಒಂದು ನಡೆ ಇರುತ್ತದೆ. ಪ್ರತಿವಾರವೂ ಒಂದೇ ದಿನ ತಪ್ಪಿಸುವ ಹುಡುಗ ಸಂತೆಯ ದಿನ ಅಪ್ಪನ ಅಂಗಡಿಯಲ್ಲಿ ಕುಳಿತಿರುತ್ತಾನೆ. ತಿಂಗಳಿಗೆ ಮೂರು ನಾಲ್ಕು ದಿನ ತಪ್ಪಿಸುವ ಹುಡುಗಿಯರು ಹಲವರಿದ್ದರೆ ಶಾಲೆಯ ಶೌಚಾಲಯದಲ್ಲಿ ನೀರಿದೆಯೇ ಎಂದು ನೋಡಬೇಕು. ಒಂದೇ ಊರಿನ ಐದು ಮಕ್ಕಳು ಒಂದೇ ದಿನ ಬಂದಿಲ್ಲವಾದರೆ ಆ ದಿನ ಬಸ್ಸು ಬಂದಿಲ್ಲ. ಒಮ್ಮೆ ನಾನು ಎರಡು ತಿಂಗಳು ಮಕ್ಕಳನ್ನು ಗದರಿಸಿದ ಮೇಲೆ ಗೊತ್ತಾಯಿತು, ಬೆಳಗಿನ ಬಸ್ಸಿನ ವೇಳೆಯನ್ನೇ ಬದಲಿಸಿದ್ದರು ಎಂದು. ಆ ಗದರಿಕೆಗೆ ಇಂದಿಗೂ ನನ್ನ ಮನಸ್ಸಿನಲ್ಲಿ ನೋವಿದೆ. ಗುಳೆ ಹೋದ ಮನೆಯ ಮಗುವಿನ ಸಾಲು ಬೇರೆಯೇ ಇರುತ್ತದೆ, ಅದು ಒಂದು ದಿನ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಹಬ್ಬಕ್ಕೆ ಊರಿಗೆ ಬಂದಾಗ ಎರಡು ದಿನ ಕಾಣಿಸಿಕೊಂಡು ಮತ್ತೆ ನಿಲ್ಲುತ್ತದೆ. ಸುಳ್ಳು ಹಾಜರಿ ತುಂಬಿದ ವಹಿಯಲ್ಲಿ ಇದು ಯಾವುದೂ ಕಾಣುವುದಿಲ್ಲ.

ಉತ್ತರ 2: ಇಂಗ್ಲೆಂಡಿನಲ್ಲಿ ನೆಲೆಸಿರುವ ಓದುಗ, ಮೂಲ ಊರು ಕಲಬುರಗಿ

ಗುರುಗಳ ಮಾತನ್ನು ಗೌರವದಿಂದ ಓದಿದೆ. ಆದರೂ ಪಾಲಕರಿಗೆ ಯಾವ ದಂಡನೆಯ ಭಯವೂ ಇಲ್ಲದಿದ್ದರೆ ನಿಯಮ ಉಳಿಯುತ್ತದೆಯೇ ಎಂಬ ಸಂದೇಹ ನನಗಿದೆ. ನಾನಿರುವ ಇಂಗ್ಲೆಂಡಿನಲ್ಲಿ ಶಾಲೆಯ ಅನುಮತಿಯಿಲ್ಲದೆ ಮಗು ಗೈರಾದರೆ ಪಾಲಕರಿಗೆ ದಂಡ ಬೀಳುತ್ತದೆ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಎಂದು ದಿನಕ್ಕೆ ಎರಡು ಬಾರಿ ಹಾಜರಿ ತೆಗೆದುಕೊಳ್ಳುತ್ತಾರೆ. ಹತ್ತು ಶಾಲಾ ವಾರಗಳಲ್ಲಿ ಅಂಥ ಹತ್ತು ಹಾಜರಿಗಳು, ಅಂದರೆ ಐದು ದಿನ ಅನುಮತಿಯಿಲ್ಲದೆ ತಪ್ಪಿದರೆ ದಂಡ ವಿಧಿಸುವ ಬಗ್ಗೆ ಶಾಲೆ ಯೋಚಿಸಲೇಬೇಕು. 2024ರ ಆಗಸ್ಟ್‌ನಿಂದ ಈ ದಂಡ ಪ್ರತಿ ಮಗುವಿಗೆ, ಪ್ರತಿಯೊಬ್ಬ ಪಾಲಕರಿಗೆ 80 ಪೌಂಡ್ ಆಗಿದೆ. 21 ದಿನಗಳಲ್ಲಿ ಕಟ್ಟದಿದ್ದರೆ ಅದು 160 ಪೌಂಡಿಗೆ ಏರುತ್ತದೆ. ವಿಷಯ ನ್ಯಾಯಾಲಯಕ್ಕೆ ಹೋದರೆ 2,500 ಪೌಂಡ್‌ವರೆಗೂ ದಂಡವಾಗಬಹುದು. ಶಾಲೆಯ ದಿನಗಳಲ್ಲಿ ತಂಗಿಯ ಮದುವೆಗೆಂದು ಎಂಟು ದಿನ ಊರಿಗೆ ಬಂದುಹೋದಾಗ ನಾನೂ ನನ್ನ ಹೆಂಡತಿಯೂ ಎರಡು ಮಕ್ಕಳ ಲೆಕ್ಕದಲ್ಲಿ ಒಟ್ಟು ನಾಲ್ಕು ದಂಡಗಳನ್ನು ಕಟ್ಟಿದ್ದೇವೆ.

ಆಗ ಬೇಸರವಾಗಿತ್ತು. ಆದರೆ ಆ ನಂತರ ನಾವು ಪ್ರತಿಯೊಂದು ಪ್ರಯಾಣವನ್ನೂ ಶಾಲೆಯ ರಜೆಯನ್ನು ನೋಡಿಯೇ ನಿಶ್ಚಯಿಸುತ್ತಿದ್ದೇವೆ. ಇಲ್ಲಿ ಹತ್ತರಲ್ಲಿ ಒಂದು ಪಾಲು ಹಾಜರಿ ತಪ್ಪಿದರೂ ಆ ಮಗುವನ್ನು ನಿರಂತರ ಗೈರಿನ ಪಟ್ಟಿಗೆ ಸೇರಿಸುತ್ತಾರೆ. ನಮ್ಮಲ್ಲಿ ನಾಲ್ಕರಲ್ಲಿ ಒಂದು ಪಾಲು ತಪ್ಪುವವರೆಗೆ ಯಾರೂ ಮಾತನಾಡುವುದಿಲ್ಲ ಎಂಬುದು ನನಗೆ ಸರಿ ಕಾಣುವುದಿಲ್ಲ. ಸಣ್ಣ ಮೊತ್ತವಾದರೂ ಒಂದು ದಂಡ ಇರಬಾರದೇ?

ಉತ್ತರ 3: ವಕೀಲೆ, ಬಳ್ಳಾರಿ

ಕಾನೂನಿನ ಪ್ರಶ್ನೆಗೆ ಉತ್ತರಿಸಲು ಪ್ರಯತ್ನಿಸುತ್ತೇನೆ. ಮೊದಲಿಗೆ ದಂಡದ ವಿಷಯ. ಇಂಗ್ಲೆಂಡಿನ ಸಹೋದರರ ಕುಟುಂಬ ದಂಡ ಕಟ್ಟಿದ್ದು ಸಂಬಳದಿಂದ. ಈ ಹುಡುಗಿಯ ತಂದೆಗೆ ದಂಡ ವಿಧಿಸಿದರೆ ಅವರು ಅದನ್ನು ಮೇಸ್ತ್ರಿಯಿಂದ ಇನ್ನಷ್ಟು ಮುಂಗಡ ಪಡೆದು ಕಟ್ಟುತ್ತಾರೆ, ಆ ಮುಂಗಡವನ್ನು ತೀರಿಸಲು ಮತ್ತೆ ಹತ್ತಿ ಬಿಡಿಸುವವಳು ಇದೇ ಹುಡುಗಿ. ಗೈರಿಗೆ ವಿಧಿಸಿದ ದಂಡವೇ ಗೈರನ್ನು ಹೆಚ್ಚಿಸುತ್ತದೆ. ಆದ್ದರಿಂದ ಪಾಲಕರಿಗೆ ದಂಡ ಎಂಬ ಮಾರ್ಗವನ್ನು ನಾನು ಒಪ್ಪುವುದಿಲ್ಲ.

ನಮ್ಮ ಕಾನೂನು ಕೂಡ ಬೇರೆ ದಿಕ್ಕಿನಲ್ಲಿ ಯೋಚಿಸಿದೆ. ಸಂವಿಧಾನದ 86ನೇ ತಿದ್ದುಪಡಿ 2002ರಲ್ಲಿ 21ಎ ವಿಧಿಯನ್ನು ತಂದು, 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಅದರ ಬೆನ್ನಿಗೆ ಬಂದ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಹೆಸರಿನಲ್ಲಿರುವ ‘ಕಡ್ಡಾಯ’ ಎಂಬ ಪದವನ್ನು ಬಹಳ ಜನ ಪಾಲಕರ ಮೇಲಿನ ಕಡ್ಡಾಯವೆಂದು ತಿಳಿದಿದ್ದಾರೆ. ಕಾಯ್ದೆಯ 8ನೇ ಕಲಂ ಕೊಡುವ ವಿವರಣೆಯಂತೆ ಈ ಕಡ್ಡಾಯ ಸರ್ಕಾರದ ಮೇಲಿದೆ. ಮಗುವಿನ ದಾಖಲಾತಿ, ಹಾಜರಾತಿ ಮತ್ತು ಶಿಕ್ಷಣ ಪೂರ್ಣಗೊಳ್ಳುವಿಕೆ ಇವು ಮೂರನ್ನೂ ಖಚಿತಪಡಿಸುವ ಹೊಣೆ ಸರ್ಕಾರದ್ದು. ಪಾಲಕರ ಕರ್ತವ್ಯವನ್ನು 10ನೇ ಕಲಂ ಹೇಳುತ್ತದೆಯಾದರೂ ಅದಕ್ಕೆ ಶಿಕ್ಷೆಯನ್ನು ಸೂಚಿಸಿಲ್ಲ. ಮಗು ಎಷ್ಟೇ ದಿನ ತಪ್ಪಿಸಿದರೂ ಎಂಟನೇ ತರಗತಿ ಮುಗಿಯುವವರೆಗೆ ಅದನ್ನು ಶಾಲೆಯಿಂದ ಹೊರಹಾಕುವಂತಿಲ್ಲ, ಹೊಡೆಯುವಂತಿಲ್ಲ, ಮಾನಸಿಕವಾಗಿ ಹಿಂಸಿಸುವಂತಿಲ್ಲ. ಮಗುವಿನ ಹಾಜರಾತಿಯ ಬಗ್ಗೆ ಪಾಲಕರೊಂದಿಗೆ ನಿಯಮಿತವಾಗಿ ಮಾತನಾಡುವುದು ಶಿಕ್ಷಕರ ಕರ್ತವ್ಯವೆಂದು 24ನೇ ಕಲಮಿನಲ್ಲಿ ಬರೆದಿದೆ.

ಆದರೆ ಮೇಡಂ, ನಿಮ್ಮ ವಿದ್ಯಾರ್ಥಿನಿಗೆ 14 ತುಂಬಿರುವುದರಿಂದ ಈ ಕಾಯ್ದೆ ಅವಳನ್ನು ತಲುಪುವುದಿಲ್ಲ. ನನ್ನ ದೃಷ್ಟಿಯಲ್ಲಿ ಇದು ನಮ್ಮ ಕಾನೂನಿನ ದೊಡ್ಡ ಕೊರತೆ, ಮಕ್ಕಳು ಹೆಚ್ಚಾಗಿ ಶಾಲೆ ಬಿಡುವ ಒಂಬತ್ತು, ಹತ್ತನೇ ತರಗತಿಗಳಲ್ಲಿಯೇ ಹಕ್ಕಿನ ರಕ್ಷಣೆ ಮುಗಿದುಹೋಗುತ್ತದೆ. ಬಾಲಕಾರ್ಮಿಕ ಕಾಯ್ದೆಯೂ 2016ರ ತಿದ್ದುಪಡಿಯ ನಂತರ 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಗಳಲ್ಲಿ ಮಾತ್ರ ನಿಷೇಧಿಸುತ್ತದೆ. ಹೊಲದಲ್ಲಿ ಹತ್ತಿ ಬಿಡಿಸುವುದನ್ನು ಅದರಡಿ ತಡೆಯುವುದು ಸುಲಭವಲ್ಲ.

ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋದ ತಮ್ಮನ ವಿಷಯಕ್ಕೆ ನಿಮ್ಮ ಗಮನವನ್ನು ಸೆಳೆಯಬೇಕು. ಅವನಿಗೆ ಹನ್ನೊಂದು ವರ್ಷ. 14ರ ಒಳಗಿನ ಮಗುವನ್ನು ಯಾವ ಕೆಲಸಕ್ಕೂ ನೇಮಿಸಿಕೊಳ್ಳುವಂತಿಲ್ಲ. ಶಾಲೆಯ ಅವಧಿಯ ನಂತರ ಅಥವಾ ರಜೆಯಲ್ಲಿ ಸ್ವಂತ ಕುಟುಂಬದ ಕೆಲಸಕ್ಕೆ ನೆರವಾಗಲು ವಿನಾಯಿತಿಯಿದೆ. ಬೇರೆಯವರ ಹೊಲಕ್ಕೆ ಮೇಸ್ತ್ರಿ ಕರೆದುಕೊಂಡು ಹೋಗುವುದು ಆ ವಿನಾಯಿತಿಯಲ್ಲಿ ಬರುವುದಿಲ್ಲ. ನೇಮಿಸಿಕೊಂಡವರಿಗೆ ಆರು ತಿಂಗಳಿನಿಂದ ಎರಡು ವರ್ಷದವರೆಗೆ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿಯವರೆಗೆ ದಂಡ, ಅಥವಾ ಎರಡೂ ಆಗಬಹುದು. ಮೊದಲ ಬಾರಿಯ ತಪ್ಪಿಗೆ ತಂದೆ ತಾಯಿಗೆ ಶಿಕ್ಷೆಯಿಲ್ಲ. ಕಾನೂನಿನ ಭಾರ ಮೇಸ್ತ್ರಿಯ ಮೇಲೆ, ಹೊಲದ ಮಾಲೀಕರ ಮೇಲೆ ಬೀಳುತ್ತದೆ ಎಂಬುದನ್ನು ಗಮನಿಸಿ. ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ 2013ರಲ್ಲಿ ಕರ್ನಾಟಕ ಹೈಕೋರ್ಟ್ ಪತ್ರಿಕಾ ವರದಿಯೊಂದನ್ನು ಆಧರಿಸಿ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತ್ತು. ಅದರ ಫಲವಾಗಿ ನಮ್ಮ ರಾಜ್ಯದಲ್ಲಿ, ಅನುಮತಿಯಿಲ್ಲದೆ ನಿರಂತರವಾಗಿ ಏಳು ದಿನಕ್ಕಿಂತ ಹೆಚ್ಚು ಗೈರಾದ ಮಗುವನ್ನು ಹೊರಗುಳಿದ ಮಗುವೆಂದು ಪರಿಗಣಿಸಿ ಹುಡುಕಿಕೊಂಡು ಹೋಗಬೇಕೆಂಬ ವ್ಯವಸ್ಥೆ ಬಂದಿತು. ಹುಡುಗನ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರೊಂದಿಗೆ ನೀವು ಇಂದೇ ಮಾತನಾಡಿ, ಅವನು ಬಾರದ ದಿನಗಳನ್ನು ತಿಳಿದುಕೊಳ್ಳಿ. ಮೇಸ್ತ್ರಿಯೊಡನೆ ಮೊದಲು ಸೌಮ್ಯವಾಗಿಯೇ ಮಾತನಾಡಿ. ಅವರು ಒಪ್ಪದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ, ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರಿದ್ದಾರೆ.

ಹಾಜರಾತಿ ಕೊನೆಗೂ ಸಾಲದೆ ಹೋದರೆ, 15 ವರ್ಷ ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿ ಬರೆಯುವ ದಾರಿ ಇದೆ. ಅವಳ ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಆದ್ದರಿಂದ ವಹಿಯನ್ನು ತಿದ್ದುವ ಒತ್ತಡಕ್ಕೆ ನೀವು ಮಣಿಯಬೇಕಾಗಿಲ್ಲ. ಆದರೆ ಒಂದು ವರ್ಷ ಮನೆಯಲ್ಲಿ ಕುಳಿತ ಹುಡುಗಿ ಮತ್ತೆ ಅರ್ಜಿ ತುಂಬುವುದರೊಳಗೆ ಮದುವೆಯ ಮಾತು ಬರುತ್ತದೆ ಎಂಬುದನ್ನು ನನ್ನ ವೃತ್ತಿಯಲ್ಲಿ ಹಲವು ಬಾರಿ ಕಂಡಿದ್ದೇನೆ. ಅದನ್ನು ಕೊನೆಯ ದಾರಿಯೆಂದೇ ಇಟ್ಟುಕೊಳ್ಳಿ.

ಉತ್ತರ 4: ಶುಶ್ರೂಷಾಧಿಕಾರಿ, ತಾಲ್ಲೂಕು ಆಸ್ಪತ್ರೆ, ಕೊಪ್ಪಳ ಜಿಲ್ಲೆ

ಅಕ್ಕೋರೆ, ನಿಮ್ಮ ಪ್ರಶ್ನೆಯನ್ನು ಎರಡು ದಿನದ ಹಿಂದೆ ಓದಿದೆ. ಬರೆಯಬೇಕೋ ಬೇಡವೋ ಎಂದು ಯೋಚಿಸಿ ಈಗ ಬರೆಯುತ್ತಿದ್ದೇನೆ, ಏಕೆಂದರೆ ಅಂಥ ಹುಡುಗಿ ನಾನೂ ಆಗಿದ್ದೆ. ನಮ್ಮ ಮನೆಯಲ್ಲಿ ಹತ್ತಿಯ ಬದಲು ಮೆಣಸಿನಕಾಯಿ ಇತ್ತು, ಅಷ್ಟೇ ವ್ಯತ್ಯಾಸ. ಒಂಬತ್ತನೇ ತರಗತಿಯಲ್ಲಿ ನಾನು ಕಾಯಿ ಬಿಡಿಸಲು ಹೋಗಿ ಇಪ್ಪತ್ತೈದು ದಿನ ಶಾಲೆ ತಪ್ಪಿಸಿದ್ದೆ.

ಆ ಇಪ್ಪತ್ತೈದು ದಿನಗಳಿಗೆ ಬಡತನ ಕಾರಣ. ಆದರೆ ಅದರ ನಂತರ ಇನ್ನೂ ಹನ್ನೊಂದು ದಿನ ತಪ್ಪಿಸಿದ್ದಕ್ಕೆ ಬಡತನ ಕಾರಣವಲ್ಲ, ಅದನ್ನು ಯಾರೂ ನನ್ನನ್ನು ಕೇಳಲಿಲ್ಲ. ಕೆಲಸ ಮುಗಿದು ಶಾಲೆಗೆ ಹೋದ ಮೊದಲ ದಿನ ಪ್ರಾರ್ಥನೆಯ ಸಾಲಿನಲ್ಲಿ ನನ್ನನ್ನು ಮುಂದೆ ಕರೆದು ನಿಲ್ಲಿಸಿ, ಎಷ್ಟು ದುಡಿದೆ ಎಂದು ಎಲ್ಲರ ಮುಂದೆ ಕೇಳಿದರು. ಮಕ್ಕಳು ನಕ್ಕರು. ಕಾರದಿಂದ ಉರಿಯುತ್ತಿದ್ದ ಕೈಗಳನ್ನು ನಾನು ಲಂಗದ ಹಿಂದೆ ಮರೆಮಾಡಿಕೊಂಡಿದ್ದು ನೆನಪಿದೆ. ಗಣಿತದ ಅವಧಿಯಲ್ಲಿ ಹಲಗೆಯ ಮೇಲಿದ್ದ ಒಂದು ಸಾಲೂ ಅರ್ಥವಾಗಲಿಲ್ಲ. ಮರುದಿನದಿಂದ ನಾನು ಚೀಲ ಹೊತ್ತು ಮನೆಯಿಂದ ಹೊರಟು, ಶಾಲೆಗೆ ಹೋಗದೆ ಕೆರೆಯ ದಂಡೆಯ ಗುಡಿಯಲ್ಲಿ ಸಂಜೆಯವರೆಗೆ ಕುಳಿತು ಮನೆಗೆ ಮರಳುತ್ತಿದ್ದೆ. ಮನೆಯವರು ಶಾಲೆಗೆ ಹೋಗಿದ್ದಾಳೆ ಎಂದುಕೊಂಡಿದ್ದರು, ಶಾಲೆಯವರು ಕೂಲಿಗೆ ಹೋಗಿದ್ದಾಳೆ ಎಂದುಕೊಂಡಿದ್ದರು. ಮೊದಲ ಗೈರು ಕೆಲಸಕ್ಕಾಗಿ ಆಗಿರುತ್ತದೆ, ಎರಡನೆಯದು ಅಂಜಿಕೆಯಿಂದ ಆಗುತ್ತದೆ, ಮಗು ಶಾಶ್ವತವಾಗಿ ಶಾಲೆ ಬಿಡುವುದು ಈ ಎರಡನೆಯದರಿಂದ.

ನನ್ನನ್ನು ಮರಳಿ ಕರೆತಂದವರು ಕನ್ನಡದ ಅಕ್ಕೋರು. ಅವರು ಗುಡಿಗೇ ಬಂದರು, ಬೈಯಲಿಲ್ಲ, ತಪ್ಪಿಹೋದ ಪಾಠಗಳನ್ನು ನನ್ನ ಗೆಳತಿಯ ಕೈಯಿಂದ ಬರೆಸಿ ತಂದಿದ್ದರು. ಮರುದಿನ ನಾನು ತರಗತಿಗೆ ಹೋದಾಗ ಯಾರೂ ಏನನ್ನೂ ಕೇಳಬಾರದೆಂದು ಅವರು ಮೊದಲೇ ಎಲ್ಲ ಶಿಕ್ಷಕರಿಗೂ ಹೇಳಿಟ್ಟಿದ್ದರು. ನಿಮ್ಮ ಹುಡುಗಿ ಬಂದ ದಿನ ಅವಳನ್ನು ಮೊದಲ ಬೆಂಚಿನಲ್ಲಿ ಕೂರಿಸಬೇಡಿ, ಹಿಂದಿನ ಬೆಂಚಿಗೂ ಕಳಿಸಬೇಡಿ, ಅವಳು ಮೊದಲು ಕುಳಿತುಕೊಳ್ಳುತ್ತಿದ್ದ ಜಾಗದಲ್ಲಿಯೇ ಕೂರಲಿ. 32 ದಿನಗಳ ಪಾಠವನ್ನು ಪೂರ್ತಿ ಕಲಿಸಲು ಆಗುವುದಿಲ್ಲ. ಗಣಿತದಲ್ಲಿಯೂ ವಿಜ್ಞಾನದಲ್ಲಿಯೂ ಯಾವ ಅಧ್ಯಾಯಗಳನ್ನು ಗಟ್ಟಿ ಮಾಡಿಕೊಂಡರೆ ಪಾಸಾಗಬಹುದು ಎಂದು ಆರಿಸಿ, ಅಷ್ಟನ್ನು ಮಾತ್ರ ಅವಳ ಮುಂದಿಡಿ. ದಾರಿ ಸಣ್ಣದಾಗಿ ಕಂಡರೆ ಮಗು ನಡೆಯುತ್ತದೆ.

ಉತ್ತರ 5: ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ, ಕಲಬುರಗಿ ಜಿಲ್ಲೆ

ವಕೀಲರು ಹೇಳಿದ ಕಾಯ್ದೆಯ ಮಾತನ್ನು ಮೇಸ್ತ್ರಿಗೆ ಶಿಕ್ಷಕಿಯೊಬ್ಬರೇ ಹೋಗಿ ಹೇಳುವುದು ಬೇಡವೆಂದು ನನ್ನ ಅನಿಸಿಕೆ. ಅವರು ನಾಳೆಯೂ ಅದೇ ಊರಿನಲ್ಲಿ ಕೆಲಸ ಮಾಡಬೇಕು. ಎಸ್‌ಡಿಎಂಸಿ ಇರುವುದೇ ಇಂಥ ಕೆಲಸಕ್ಕೆ. ಮೇಸ್ತ್ರಿಯೂ ಹೊರಗಿನವರಲ್ಲ, ಹೆಚ್ಚಿನ ಊರುಗಳಲ್ಲಿ ಅವರ ಮಕ್ಕಳೂ ಅದೇ ಶಾಲೆಯಲ್ಲಿ ಓದುತ್ತಾರೆ. ನಮ್ಮ ಊರಿನಲ್ಲಿ ಅಧ್ಯಕ್ಷರು ಮೂವರು ಮೇಸ್ತ್ರಿಗಳನ್ನು ಶಾಲೆಗೆ ಕರೆದು ಚಹಾ ಕೊಟ್ಟು, ಹತ್ತನೇ ತರಗತಿಯ ಮಕ್ಕಳನ್ನು ಭಾನುವಾರ ಹೊರತುಪಡಿಸಿ ಗಾಡಿಗೆ ಹತ್ತಿಸಬಾರದು, ಸಣ್ಣ ಮಕ್ಕಳನ್ನು ಯಾವ ದಿನವೂ ಹತ್ತಿಸಬಾರದು ಎಂದು ಮಾತು ಪಡೆದರು. ಮುಂಗಡ ತೀರಿಸಲು ಯುಗಾದಿಯವರೆಗೆ ಕಾಲ ಕೊಡುವಂತೆಯೂ ಕೇಳಿದರು. ಇಬ್ಬರು ಮಾತು ಉಳಿಸಿಕೊಂಡರು, ಒಬ್ಬರು ಉಳಿಸಿಕೊಳ್ಳಲಿಲ್ಲ. ಅವರ ವಿಷಯವನ್ನು ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಎತ್ತಿದರು.

ಎಳ್ಳಮಾವಾಸ್ಯೆಯ ವಾರವನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ. ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಅರ್ಪಿಸಲು ಹೊಲಕ್ಕೆ ಹೋದ ಮಕ್ಕಳು ಬೀಗರ ಊರಿನಲ್ಲಿ ಎರಡು ದಿನ ಉಳಿದುಬಿಡುತ್ತಾರೆ. ಹನ್ನೆರಡರಲ್ಲಿ ಎರಡು ಅಲ್ಲಿಯೇ ಹೋಗಬಾರದು.

ಪ್ರಶ್ನೆ ಕೇಳಿದವರಿಂದ, ಹದಿನಾರು ದಿನಗಳ ನಂತರ

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಏನಾಯಿತೆಂದು ತಿಳಿಸುವುದು ನನ್ನ ಕರ್ತವ್ಯ.

ಗುರುಗಳು ಹೇಳಿದಂತೆ 12 ಮನೆಗಳ ಚೀಟಿಯನ್ನು ಬರೆದುಕೊಂಡು ರಾತ್ರಿ ಎಂಟಕ್ಕೆ ಅವರ ಮನೆಗೆ ಹೋದೆ. ಪರೀಕ್ಷೆಗೆ ದಿನದ ಲೆಕ್ಕವಿದೆ ಎಂಬುದೇ ತಂದೆಗೆ ತಿಳಿದಿರಲಿಲ್ಲ. ಹೆಸರು ದಾಖಲಾಗಿದ್ದರೆ ಸಾಕು, ಮಾರ್ಚ್‌ನಲ್ಲಿ ಹೋಗಿ ಬರೆಯಬಹುದು ಎಂದುಕೊಂಡಿದ್ದರು. ಜೂನ್‌ನಿಂದ ಇದನ್ನು ಒಮ್ಮೆಯೂ ಅವರಿಗೆ ನೇರವಾಗಿ ಹೇಳದಿದ್ದದ್ದು ನನ್ನ ತಪ್ಪು. ತಾಯಿ ಚೀಟಿಯನ್ನು ತೆಗೆದುಕೊಂಡು ದೇವರ ಜಗಲಿಯ ಪಕ್ಕದ ಗೋಡೆಗೆ ಸಿಕ್ಕಿಸಿದರು.

ಮೇಸ್ತ್ರಿಯ ಬಳಿ ನಾನು ಹೋಗಲಿಲ್ಲ, ನಮ್ಮ ಎಸ್‌ಡಿಎಂಸಿ ಅಧ್ಯಕ್ಷರೂ ಇಬ್ಬರು ಸದಸ್ಯರೂ ಹೋದರು. ಮುಂಗಡ ಮನ್ನಾ ಆಗಿಲ್ಲ, ಆದರೆ ತಂದೆ ತಾಯಿಯರ ದುಡಿಮೆಯಿಂದಲೇ ಹಬ್ಬದವರೆಗೆ ತೀರಿಸಲು ಒಪ್ಪಿಗೆಯಾಗಿದೆ. ತಮ್ಮನ ಶಾಲೆಯ ಮುಖ್ಯ ಶಿಕ್ಷಕರೊಂದಿಗೆ ಮಾತನಾಡಿದಾಗ ಅವನು ನಾನು ತಿಳಿದುದಕ್ಕಿಂತ ಹೆಚ್ಚು ದಿನ, ಸತತವಾಗಿ ಒಂಬತ್ತು ದಿನ ಬಂದಿರಲಿಲ್ಲವೆಂದು ತಿಳಿಯಿತು. ಈಗ ಬರುತ್ತಿದ್ದಾನೆ. ಗಾಡಿಯಲ್ಲಿ ಮತ್ತೆ ಕಂಡರೆ 1098ಕ್ಕೆ ಕರೆ ಮಾಡುವುದಾಗಿ ಅಧ್ಯಕ್ಷರೇ ಮೇಸ್ತ್ರಿಗೆ ಹೇಳಿ ಬಂದಿದ್ದಾರೆ.

ಹುಡುಗಿ ಮರುವಾರ ಸೋಮವಾರದಿಂದ ಶಾಲೆಗೆ ಬಂದಳು. ಯಾರೂ ಏನನ್ನೂ ಕೇಳಲಿಲ್ಲ. ಮೂರನೆಯ ದಿನ ಅವಳಾಗಿಯೇ ನನ್ನ ಬಳಿ ಬಂದು, ಸಮಾಜ ವಿಜ್ಞಾನ ತಾನು ಓದಿಕೊಳ್ಳಬಲ್ಲೆ, ಗಣಿತ ಮಾತ್ರ ಭಯವಾಗುತ್ತದೆ ಎಂದಳು. ಗಣಿತದ ಶಿಕ್ಷಕರು ಅವಳಿಗಾಗಿ ಐದು ಅಧ್ಯಾಯಗಳನ್ನು ಆರಿಸಿದ್ದಾರೆ, ಬೆಳಗ್ಗೆ ಒಂಬತ್ತಕ್ಕೆ ಬಂದು ಅರ್ಧ ಗಂಟೆ ಅವನ್ನು ಮಾಡಿಸುತ್ತಿದ್ದಾರೆ. ಅದೇ ಪರಿಸ್ಥಿತಿಯ ಇನ್ನೂ ಮೂವರು ಮಕ್ಕಳು ಆ ಅರ್ಧ ಗಂಟೆಗೆ ಬಂದು ಸೇರಿಕೊಂಡಿದ್ದಾರೆ. ಆ ಮೂವರ ಸಾಲುಗಳನ್ನು ನಾನು ವಹಿಯಲ್ಲಿ ಈ ಮೊದಲು ಸರಿಯಾಗಿ ಓದಿರಲೇ ಇಲ್ಲ.

ವಹಿಯಲ್ಲಿ ಯಾವ ದಿನವನ್ನೂ ತಿದ್ದಿಲ್ಲ. ಈ ಹದಿನಾರು ದಿನಗಳಲ್ಲಿ ಅವಳು ಎರಡು ದಿನ ಗೈರಾಗಿದ್ದಾಳೆ. ಒಂದು ದಿನ ತಾಯಿಗೆ ಜ್ವರ ಬಂದಿತ್ತು, ಇನ್ನೊಂದು ಶಾಲೆಗೆ ಮರಳುವ ಮೊದಲಿನ ಶನಿವಾರ. ಗೋಡೆಯ ಚೀಟಿಯಲ್ಲಿ ಈಗ ಹತ್ತು ಮನೆಗಳು ಖಾಲಿ ಇವೆ.